ಬಾಜೂ ಮನಿ ಕೂಸು

ಕೂಸನ್ನು ಬಚ್ಚಿಟ್ಟರು. ನಡೆದದ್ದು ಇಷ್ಟೇ.

ಇದಕ್ಕೆ ಚಂದ ಚಂದದ ಹೆಸರು ಕೊಟ್ಟವರಿದ್ದಾರೆ. ಹವಾ ಬದಲಿಗೆ ಕಳಿಸಿದ್ದೆವು ಅಂದರು. ಸೋದರತ್ತೆಯ ಮನೆಯಲ್ಲಿ ಹುಡುಗರ ಜೊತೆ ಬೆರೆತರೆ ಮಾತು ಬಂದಾವು ಅಂದರು. ತೋಟದ ಹಾಲು, ತೋಟದ ದ್ರಾಕ್ಷಿ ಮೈಗೆ ಹತ್ತಲಿ ಅಂದರು. ಎಲ್ಲ ಸುಳ್ಳು. ನನ್ನ ಮಗಳ ಮಗಳು, ಇನ್ನೂ ನಾಲ್ಕು ತುಂಬದ ಕೂಸು, ಮನೆ ನೋಡಲು ಬರುವವರ ಕಣ್ಣಿಗೆ ಬೀಳಬಾರದು ಎಂದು ವಿಜಯಪುರದಿಂದ ತಿಕೋಟಾಕ್ಕೆ ಸಾಗಿಸಿದರು. ನೆಂಟರು ಬರುತ್ತಾರೆಂದರೆ ಸೋರುವ ಕೊಡವನ್ನು ಅಟ್ಟಕ್ಕೆ ಹಾಕುತ್ತಾರಲ್ಲ, ಹಾಗೆ.

ಅದೂ ಯಾವಾಗ? ಆ ಕೂಸು ಮನುಷ್ಯರ ಮುಖ ನೋಡುವುದನ್ನು ಆಗಷ್ಟೇ ಕಲಿತಿತ್ತು. ಆಗ.

ನಾನಿರುವುದು ಬಬಲೇಶ್ವರದಲ್ಲಿ. ಜೋಳದ ರೊಟ್ಟಿ ಬಡಿದು, ಒಣಗಿಸಿ, ಖಡಕ್ ಮಾಡಿ ವಿಜಯಪುರದ ಒಂದು ಖಾನಾವಳಿಗೆ ಕೊಡುವುದು ನನ್ನ ಕೆಲಸ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಮಗಳನ್ನು ಮಾತ್ರ ಪದವಿಯ ತನಕ ಓದಿಸಿ ವಿಜಯಪುರಕ್ಕೆ ಕೊಟ್ಟೆ. ಅಳಿಯ ಹೊಲಕ್ಕೆ ನೀರು ಹನಿಸುವ ಪೈಪು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ತಾಯಿಯ ಎದುರು ಬಾಯಿ ಬಿಡುವುದಿಲ್ಲ. ಮೊದಲಿನ ಎರಡಕ್ಕೆ ಅವನನ್ನು ಓಣಿಯಲ್ಲೆಲ್ಲ ಹೊಗಳಿಕೊಂಡು ತಿರುಗಿದ್ದೆ. ಮೂರನೆಯದರ ರುಚಿ ಆಮೇಲೆ ಹತ್ತಿತು.

ಬಾಣಂತನ ಮಾಡಿದವಳು ನಾನು. ಕೂಸಿಗೆ ಎಣ್ಣೆ ಹಚ್ಚಿ ಎರೆದ ಕೈ ಇವು. ಎರಡು ವರ್ಷದವಳಾದಾಗ ಮಗಳು ಅವಳನ್ನು ಕರೆದುಕೊಂಡು ಬೇಸಿಗೆಗೆ ಬಂದಳು. ಆಗಲೇ ನನಗೆ ಸರಿ ಕಾಣಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಮತ್ತೆ ಕರೆದರೂ ಇಲ್ಲ. ಕಿವಿ ಕೇಳುವುದಿಲ್ಲವೋ ಎಂದು ಹಿತ್ತಲಿಗೆ ಹೋಗಿ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದೆ. ಪಡಸಾಲೆಯಿಂದ ಓಡಿ ಬಂದಳು. ಮುಚ್ಚಳ ಕೇಳುವ ಕಿವಿಗೆ ಅಜ್ಜಿ ಕೇಳುವುದಿಲ್ಲ ಅಂದರೆ ಏನು?

ನೀರು ಬೇಕಾದರೆ ಬೆರಳು ಮಾಡಿ ತೋರಿಸುತ್ತಿರಲಿಲ್ಲ. ನನ್ನ ಮಣಿಕಟ್ಟು ಹಿಡಿದು ನೀರಿನ ಕೊಡದ ಹತ್ತಿರ ಎಳೆದುಕೊಂಡು ಹೋಗಿ, ನನ್ನ ಕೈಯನ್ನೇ ತಂಬಿಗೆಯ ಮೇಲೆ ಇಡುತ್ತಿದ್ದಳು. ಮುಖ ನೋಡುತ್ತಿರಲಿಲ್ಲ. ಆ ಕೈ ಅಜ್ಜಿಯದೋ, ಬಾಗಿಲ ಚಿಲಕವೋ, ಅವಳಿಗೆ ಎರಡೂ ಒಂದೇ. ತುದಿಗಾಲಲ್ಲಿ ನಡೆಯುತ್ತಿದ್ದಳು. ಕುಕ್ಕರ್ ಸೀಟಿ ಹೊಡೆದರೆ ಎರಡೂ ಕಿವಿ ಮುಚ್ಚಿ ಗೋಡೆಗೆ ಹಣೆ ಒತ್ತಿ ಚೀರುತ್ತಿದ್ದಳು. ಸಾರು ಹಚ್ಚಿದ ರೊಟ್ಟಿ ಬಾಯಿಗೆ ಇಡುತ್ತಿರಲಿಲ್ಲ. ಒಣ ರೊಟ್ಟಿ, ಅದರಲ್ಲೂ ಅಂಚು ಮಾತ್ರ. ಒಣಹಾಕಿದ ಮೆಣಸಿನಕಾಯನ್ನು ತೊಟ್ಟು ಒಂದೇ ಕಡೆಗೆ ಬರುವ ಹಾಗೆ ಸಾಲಾಗಿ ಜೋಡಿಸುತ್ತಿದ್ದಳು. ಒಂದನ್ನು ನಾನು ಸರಿಸಿದರೆ ಮನೆ ಹಾರಿಹೋಗುವ ಹಾಗೆ ಅಳು. ಓಣಿಯ ಕೂಸುಗಳು ಗೊಂಬೆಗೆ ಉಣ್ಣಿಸಿ ಮಲಗಿಸಿ ಸಂಸಾರ ಹೂಡಿದ್ದರೆ ಇವಳು ಆ ಗೊಂಬೆಯ ಕಾಲು ಹಿಡಿದು ತಿರುಗಿಸುತ್ತ ಕೂತಿರುತ್ತಿದ್ದಳು.

ಮಾತು ಇರಲಿಲ್ಲವೆಂದಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಅನ್ನುವುದನ್ನು ಕೇಳಿ ಕಲಿತ ಒಂದು ಮಾತಿತ್ತು: "ಮುಂದ ಹೋಗ್ರಿ, ಮುಂದ ಹೋಗ್ರಿ." ಅದೇ ದನಿ, ಅದೇ ಎಳೆತ. ಹಸಿವಾದರೂ ಅದೇ, ನಿದ್ದೆ ಬಂದರೂ ಅದೇ. ಯಾರಿಗೂ ಅಂದದ್ದಲ್ಲ ಅದು. ಗೋಡೆಗೆ ಅಂದದ್ದು.

ಇದನ್ನೆಲ್ಲ ನಾನೊಬ್ಬಳೇ ಕಂಡೆನೇ? ಎಲ್ಲರೂ ಕಂಡರು. ಕಂಡು ಹೊಗಳಿದರು! ನನಗೆ ಸಿಟ್ಟು ಬರುವುದು ಇಲ್ಲಿಯೇ. ಗಂಡುಹುಡುಗ ಹೀಗಿದ್ದರೆ ಮಂದಿ ಒಂದಿಷ್ಟಾದರೂ ಗಾಬರಿಯಾಗುತ್ತಿದ್ದರು. ಇವಳು ಹೆಣ್ಣು.

"ಎಷ್ಟ ಸಂಭಾವಿತ ಐತಿ ಬೇ ಕೂಸು! ತಲಿ ಎತ್ತಿ ಯಾರನ್ನೂ ನೋಡಾಂಗಿಲ್ಲ," ಅಂದಳು ನನ್ನ ನೆರೆಯವಳು.

"ಇರಲೇಳು ನಮ್ಮವ್ವಾ. ನನ್ನ ಮೊಮ್ಮಗಳು ಹರಕ ಬಾಯಿ, ದಿನಾ ಓಣಿ ತುಂಬಾ ಜಗಳ ತರತಾಳ. ಇಕಿದೇನು, ಕುಂದ್ರಿಸಿದಲ್ಲೆ ಕುಂತಿರತಾಳ," ಅಂದಳು ಇನ್ನೊಬ್ಬಳು.

ಮಾತಾಡದಿದ್ದರೆ ಗಂಭೀರ. ಆಡಲು ಹೋಗದಿದ್ದರೆ ಮನೆ ಹಿಡಿದ ಹುಡುಗಿ. ಕಣ್ಣಿಗೆ ಕಣ್ಣು ಕೊಡದಿದ್ದರೆ ಮರ್ಯಾದಸ್ತೆ. ಸಾಲಾಗಿ ಜೋಡಿಸಿದರೆ ಈಗಲೇ ಕೈಗೆಲಸದ ಹುರುಪು. ಎರಡು ವರ್ಷದ ಕೂಸಿನಲ್ಲಿ ಸೊಸೆಯ ಗುಣ ಎಣಿಸುವ ಮಂದಿಗೆ ಏನು ಹೇಳುವುದು? ಒಂದು ಕೂಸು ನಿಮ್ಮ ಮುಖ ನೋಡುತ್ತಿಲ್ಲ ಅಂದರೆ ಅದಕ್ಕೆ ನೆರವು ಬೇಕು ಅಂತ ಅರ್ಥ. ಮುಂದೆ ಒಳ್ಳೆಯ ಸೊಸೆಯಾಗುತ್ತದೆ ಅಂತ ಅಲ್ಲ.

ಅಳಿಯನ ತಾಯಿ, ನನ್ನ ಬೀಗತಿ, ನನ್ನ ಮಾತನ್ನು ಕೈಯಿಂದಲೇ ಗಾಳಿಗೆ ತೂರಿಬಿಟ್ಟಳು. "ನನ್ನ ಮಗನೂ ಐದ ವರ್ಸಕ್ಕ ಮಾತಾಡ್ಯಾನ್ರಿ. ನಮ್ಮ ಮನಿತನದಾಗ ಮಾತು ತಡಾನ."

"ನಿಮ್ಮ ಮಗಗ ಈಗೂ ಬಂದಿಲ್ಲ ಬಿಡ್ರಿ," ಅಂದೆ.

ಮಗಳು ಕಾಲಿನಿಂದ ನನ್ನ ಕಾಲು ಒತ್ತಿದಳು. ಬೀಗತಿ ಆ ದಿನ ನನಗೆ ಚಹಾ ಕೊಡಲಿಲ್ಲ.

ಮಗಳ ಬೆನ್ನು ಹತ್ತಿ ಹತ್ತಿ, ಕೂಸಿಗೆ ಮೂರು ದಾಟಿದ ಮೇಲೆ ಮಕ್ಕಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ಸ್ಟೆಥೋಸ್ಕೋಪ್ ಹಚ್ಚಲೇ ಇಲ್ಲ. ನೆಲದ ಮೇಲೆ ಕೂತಳು. ಚೆಂಡು ಉರುಳಿಸಿದಳು. ಸಾಬೂನಿನ ಗುಳ್ಳೆ ಊದಿದಳು. ಕೂಸು ಗುಳ್ಳೆ ನೋಡಿತು, ಊದುವವಳನ್ನು ನೋಡಲಿಲ್ಲ. ಕೈ ಮಾಡಿ ಟಾಟಾ ಮಾಡುತ್ತಾಳೋ, ಏನಾದರೂ ಚಂದದ್ದು ಕಂಡರೆ ತಂದು ನಿಮಗೆ ತೋರಿಸುತ್ತಾಳೋ, ನೀವು ತೋರಿಸಿದ ಕಡೆ ನೋಡುತ್ತಾಳೋ ಎಂದು ಕೇಳಿದಳು. ಮಗಳು "ಒಮ್ಮೊಮ್ಮೆ, ಒಮ್ಮೊಮ್ಮೆ" ಅನ್ನತೊಡಗಿದಳು. ನಾನು ನಡುವೆ ಬಾಯಿ ಹಾಕಿ "ಇಲ್ಲ, ಇಲ್ಲ, ಇಲ್ಲ" ಅಂದೆ.

"ಅಜ್ಜಿ, ಇದಕ್ಕ ಆಟಿಸಂ ಅಂತಾರ," ಅಂದಳು ಡಾಕ್ಟರಮ್ಮ. "ಜಡ್ಡಲ್ಲ ಇದು, ಗುಳಗಿ ನುಂಗಿಸಿ ತಗ್ಯಾಕ. ಇಕಿ ಮೆದುಳು ಬೆಳಿಯೂ ರೀತಿನ ಬ್ಯಾರೆ. ಯಾರ ತಪ್ಪೂ ಅಲ್ಲ. ಮಾತು, ಆಟ, ಮಂದಿ ಕೂಡ ಬೆರಿಯೂದು, ಇವೆಲ್ಲಾ ಇಕಿಗೆ ತಾವಾಗಿ ಬರಾಂಗಿಲ್ಲ. ಒಂದೊಂದ ಕಲಿಸಬೇಕು. ಕಲೀತಾಳ. ಆದ್ರ ಕಾಯಬ್ಯಾಡ್ರಿ. ಈ ವಯಸ್ಸು ಹೋದ್ರ ಆಮ್ಯಾಲೆ ಎರಡ ಪಟ್ಟು ಕಷ್ಟ."

ಕಾಯಬ್ಯಾಡ್ರಿ. ಆ ಒಂದು ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡು ಬಂದೆ.

ಇಂಥ ಕೂಸುಗಳಿಗೆ ಕಲಿಸುವ ಒಂದು ಜಾಗ ಮಗಳ ಮನೆಯಿಂದ ಮೂರು ಓಣಿ ದಾಟಿದರೆ ಇತ್ತು. ಅಲ್ಲಿನ ಟೀಚರಮ್ಮ ನಮಗೆ ಒಂದು ದಾರಿ ಹೇಳಿದಳು. ಕೂಸಿಗೆ ಯಾವುದು ಬಹಳ ಇಷ್ಟವೋ ಅದನ್ನು ಮಾಡುತ್ತ ಮಾಡುತ್ತ ನಡುವೆ ನಿಲ್ಲಿಸಿ. ಸುಮ್ಮನೆ ಕಾಯಿರಿ. ಅವಳು ನಿಮ್ಮನ್ನು ನೋಡಿದ ಕೂಡಲೇ ಮುಂದುವರಿಸಿ. ನೋಡಿದರೆ ಸಿಗುತ್ತದೆ, ಕೇಳಿದರೆ ಸಿಗುತ್ತದೆ ಎಂದು ಅವಳಿಗೆ ತಿಳಿಯಬೇಕು.

ಇವಳಿಗೆ ಬಹಳ ಇಷ್ಟವಾದದ್ದು ಯಾವುದೆಂದು ನನಗೆ ಗೊತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ. ನಾನು ಬಡಿಯಲು ಕೂತರೆ ಎಲ್ಲಿದ್ದರೂ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನನ್ನ ಅಂಗೈ ಬೀಳುವ ಲಯಕ್ಕೆ ತನ್ನ ಎರಡೂ ಕೈ ಗಾಳಿಯಲ್ಲಿ ಬಡಿಯುತ್ತಿದ್ದಳು. ಹಿಟ್ಟಿನ ಮೇಲೆ ಕೈ ಬೀಳುವಾಗ ಅವಳಷ್ಟು ಸುಖಿ ಈ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ.

ಒಂದು ದಿನ ಅರ್ಧ ರೊಟ್ಟಿಗೆ ಕೈ ನಿಲ್ಲಿಸಿದೆ. ಅವಳು ನನ್ನ ಕೈ ಹಿಡಿದು ಹಿಟ್ಟಿಗೆ ಒತ್ತಿದಳು. ನಾನು ಅಲ್ಲಾಡಲಿಲ್ಲ. ಮತ್ತೆ ಒತ್ತಿದಳು. ಕುಂಯ್ ಅಂದಳು. ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳಲು ಹೋದಳು. ಬಾಯಿಗೆ ಸೆರಗಿನ ತುದಿ ಅಡ್ಡ ಹಿಡಿದೆ. ಹಂಚು ಕಾಯುತ್ತಿತ್ತು, ಹಿಟ್ಟು ಆರುತ್ತಿತ್ತು, ಬಸ್ಸಿನ ಹೊತ್ತು ಮೀರುತ್ತಿತ್ತು. ಬಡಿದು ಮುಗಿಸಿ ಎದ್ದುಬಿಡುವುದು ನನಗೆ ಸುಲಭವಿತ್ತು. ಕೂತೆ. ಆಮೇಲೆ ಏನಾಯಿತೆಂದರೆ, ಸಪ್ಪಳ ಎಲ್ಲಿ ಹೋಯಿತೆಂದು ಹುಡುಕುವವಳ ಹಾಗೆ ಅವಳ ಕಣ್ಣು ನನ್ನ ಬೆರಳಿನಿಂದ ಮೊಣಕೈಗೆ ಬಂತು, ಮೊಣಕೈಯಿಂದ ಹೆಗಲಿಗೆ ಬಂತು, ಹೆಗಲಿನಿಂದ ಮುಖಕ್ಕೆ ಬಂತು. ಬಂದು ನಿಂತಿತು. ಕೈಗೆ ಒಬ್ಬ ಅಜ್ಜಿ ಹತ್ತಿಕೊಂಡಿದ್ದಾಳೆಂದು ಅವಳಿಗೆ ತಿಳಿದದ್ದು ಆಗ.

ಬಡಿದೆ ನೋಡಿ! ಆ ರೊಟ್ಟಿ ಕಾಗದದಷ್ಟು ತೆಳ್ಳಗಾಗಿ ಹರಿದೇ ಹೋಯಿತು.

ಅಂದಿನಿಂದ ಅದೇ ನಮ್ಮ ಪಾಠ. ನಾನು ವಿಜಯಪುರಕ್ಕೆ ಹೋದಾಗ ಮಗಳ ಅಡುಗೆಮನೆಯಲ್ಲಿ, ಅವರು ಬಂದಾಗ ನನ್ನ ಒಲೆಯ ಮುಂದೆ. ಟೀಚರಮ್ಮ ಅಲ್ಲಿ ತನ್ನ ಪಾಠ ಮಾಡುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಕೂಸು ನನ್ನ ಮುಖ ನೋಡಿ "ಬಡಿ" ಅಂತು. ಕಂಡಕ್ಟರನ ಮಾತಲ್ಲ, ತನ್ನ ಮಾತು. ಗೋಡೆಗಲ್ಲ, ನನಗೆ.

ಆಮೇಲೆ ಮಗಳು ಬಬಲೇಶ್ವರಕ್ಕೆ ಬರಲಿಲ್ಲ. ನನಗೂ ಮದುವೆ ದಿನಗಳ ರೊಟ್ಟಿಯ ಕೆಲಸ ಹೆಚ್ಚಾಗಿ, ಖಾನಾವಳಿಗೆ ಹಾಕಿದ ಕೂಡಲೇ ತಿರುಗಿ ಬಸ್ಸು ಹತ್ತುತ್ತಿದ್ದೆ. ಫೋನಿನಲ್ಲಿ ಕೇಳಿದರೆ "ಹೋಗಾಕತ್ತೇವಿ ಯವ್ವಾ, ಕಲಿಯಾಕತ್ತಾಳ," ಅನ್ನುತ್ತಿದ್ದಳು. ನಂಬಿದೆ. ಹೆತ್ತ ಮಗಳು ಹೇಳಿದರೆ ನಂಬದೆ ಏನು ಮಾಡುವುದು?

ಒಣದ್ರಾಕ್ಷಿಯ ಸುಗ್ಗಿಯಲ್ಲಿ ಒಂದು ದಿನ ಖಾನಾವಳಿಗೆ ರೊಟ್ಟಿ ಹಾಕಿ, ನಾಲ್ಕು ರೊಟ್ಟಿ, ನಂಜಿಕೊಳ್ಳಲು ಒಂದಿಷ್ಟು ಶೇಂಗಾ ಹಿಂಡಿ ಹಿಡಿದು ಟೀಚರಮ್ಮನ ಹತ್ತಿರ ಹೋದೆ. ಆಕೆ ಕೇಳಿದ ಮೊದಲ ಮಾತೇ ಇದು:

"ಅಜ್ಜಿ, ಕೂಸಿಗೆ ಆರಾಮಿಲ್ಲೇನ್ರಿ? ಸಂಕ್ರಾಂತಿ ಆದಮ್ಯಾಲೆ ಬಂದೇ ಇಲ್ಲಲಾ."

ನಾನು ರೊಟ್ಟಿಯ ಗಂಟನ್ನು ಅಲ್ಲೇ ಇಟ್ಟು ಮಗಳ ಮನೆಗೆ ನಡೆದೆ.

ಮನೆಗೆ ಹೊಸ ಸುಣ್ಣವಾಗಿತ್ತು. ಬಾಗಿಲಿಗೆ ಹೊಸ ಪರದೆ. ಬೀಗತಿ ಕುರ್ಚಿಗೆ ದಿಂಬು ಹೊಂದಿಸುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಸುಣ್ಣಕ್ಕಿಂತ ಬೆಳ್ಳಗಾಯಿತು.

"ಕೂಸೆಲ್ಲಿ?" ಅಂದೆ.

"ಕೂಡ್ರಿ ಬೀಗ್ತೇರ. ನೀರ ಕುಡೀರಿ."

"ಕೂಸೆಲ್ಲಿ ಅಂತ ಕೇಳಿದೆ."

"ತಿಕೋಟಾದಾಗ ಅದಾಳ್ರಿ, ನನ್ನ ಹಿರೀಮಗಳ ಮನ್ಯಾಗ. ಹವಾ ಬದಲಿ ಆಗಲಿ ಅಂತ."

"ಬಿಜಾಪುರದ ಹವಾ ನಿಮಗ್ಯಾರಿಗೂ ಏನೂ ಮಾಡಿಲ್ಲಲಾ. ಅಕಿಗಷ್ಟ ಏನ ಮಾಡೇತಿ?"

ಅವಳು ಮತ್ತೆ ದಿಂಬು ಹೊಂದಿಸತೊಡಗಿದಳು. ಅಡುಗೆಮನೆಗೆ ಹೋದೆ. ಮಗಳು ರವೆ ಹುರಿಯುತ್ತಿದ್ದಳು. ನನ್ನನ್ನು ನೋಡಿ ಸೌಟು ಕೈಯಲ್ಲೇ ಉಳಿಯಿತು.

"ಯವ್ವಾ, ದನಿ ಸಣ್ಣ ಮಾಡ ಬೇ. ಇವತ್ತ ನನ್ನ ನಾದಿನಿನ್ನ ನೋಡಿ ಒಪ್ಪಿದವರು ಮನಿ ನೋಡಾಕ ಬರಾಕತ್ತಾರ. ಐದಕ್ಕ ಬರತಾರ. ಕನಮಡಿಯವರು. ಇದೊಂದ ಮುಗೀಲಿ, ನಾನ ಹೋಗಿ ಕೂಸಿನ್ನ ಕರ್ಕೊಂಡ ಬರತೀನಿ."

ನಮ್ಮ ಕಡೆ ಹೆಣ್ಣು ನೋಡಿ ಒಪ್ಪಿದ ಮೇಲೆ ಗಂಡಿನವರು ಹಿರಿಯರನ್ನು ಕರೆದುಕೊಂಡು ಬಂದು ಮನೆತನ ನೋಡುತ್ತಾರೆ. ಗೋಡೆ ನೋಡುತ್ತಾರೆ, ದನ ಮೇಯುವ ಗೋದಲಿ ನೋಡುತ್ತಾರೆ, ಮನೆಯಲ್ಲಿ ಯಾರು ಹೇಗಿದ್ದಾರೆಂದೂ ನೋಡುತ್ತಾರೆ. ಗೋಡೆಗೆ ಇವರು ಸುಣ್ಣ ಹಚ್ಚಿದ್ದರು. ಕೂಸಿಗೆ ಹಚ್ಚಲು ಬರದ್ದಕ್ಕೆ ಸಾಗಿಸಿದ್ದರು.

"ಕಲಿಸೂದ್ಯಾಕ ಬಿಡಿಸಿದಿ?" ಅಂದೆ.

"ಅಲ್ಲಿಗೆ ಕನಮಡಿಯಿಂದ ಒಬ್ಬಾಕಿ ತನ್ನ ಕೂಸಿನ್ನ ಕರ್ಕೊಂಡ ಬರತಾಳಂತ. ನಮ್ಮನ್ನ ನೋಡಿದ್ರ ಸುದ್ದಿ ಅವರಿಗೆ ಮುಟ್ಟತೈತಿ ಅಂದ್ರು ಅತ್ತಿ."

ಗಡಿಯ ಹತ್ತಿರದ ಊರಿನಿಂದ ಒಬ್ಬ ತಾಯಿ ಕೂಸನ್ನು ಬಗಲಲ್ಲಿ ಎತ್ತಿಕೊಂಡು, ಬಿಸಿಲಲ್ಲಿ ಬಸ್ಸು ಹತ್ತಿಳಿದು ಆ ಬಾಗಿಲಿಗೆ ಬರುತ್ತಾಳೆ. ಇವರಿಗೆ ಮೂರು ಓಣಿ. ಮತ್ತು ಅವಳು ಬರುತ್ತಾಳೆಂದೇ ಇವರು ಹೋಗುವುದಿಲ್ಲ!

"ಪದವಿ ಓದಿಸಿದ್ದು ಇದಕ್ಕೇನ ನಿನಗ?" ಅಂದೆ. ಅವಳ ರವೆ ಸೀಯುತ್ತಿತ್ತು. ಸೀಯಲಿ ಎಂದು ಹೊರಟೆ.

ತಿಕೋಟಾಕ್ಕೆ ಬಸ್ಸು ಕೂಡಲೇ ಸಿಕ್ಕಿತು. ಊರ ಹೊರಗೆ ಅಳಿಯನ ಅಕ್ಕನ ತೋಟ. ದ್ರಾಕ್ಷಿ ಒಣಹಾಕುವ ಶೆಡ್ಡಿನಲ್ಲಿ ಬಲೆಗಳನ್ನು ಒಂದರ ಮೇಲೊಂದು ಅಂತಸ್ತಾಗಿ ಕಟ್ಟಿರುತ್ತಾರೆ. ಅದರ ಕೆಳಗೆ, ನೆರಳಿನಲ್ಲಿ, ನನ್ನ ಮೊಮ್ಮಗಳು ಕೂತಿದ್ದಳು. ಮುಂದೆ ನೆಲದ ಮೇಲೆ ಒಣದ್ರಾಕ್ಷಿಯ ಸಾಲು. ಹಸಿರು ಒಂದು ಸಾಲು, ಕಂದು ಒಂದು ಸಾಲು, ಶೆಡ್ಡಿನ ಆ ಕಂಬದಿಂದ ಈ ಕಂಬದ ತನಕ. ಕರೆದೆ. ತಿರುಗಲಿಲ್ಲ. ಪಕ್ಕದಲ್ಲಿ ಕೂತೆ. ನೋಡಲಿಲ್ಲ. ನನ್ನ ಕೈ ಅವಳ ಸಾಲಿಗೆ ತಾಗಿತು. ಅದನ್ನು ಕಲ್ಲು ಸರಿಸಿದ ಹಾಗೆ ಸರಿಸಿದಳು. ಅಂಗೈಯಿಂದ ನೆಲ ಬಡಿದೆ, ರೊಟ್ಟಿಯ ಲಯದಲ್ಲಿ. ಅವಳ ಬೆರಳು ಒಮ್ಮೆ ನಿಂತಿತು. ಬಡಿಯುವುದನ್ನು ನಿಲ್ಲಿಸಿ ಕಾಯ್ದೆ. ಬೆರಳು ಮತ್ತೆ ದ್ರಾಕ್ಷಿಗೆ ಹೋಯಿತು.

ನನಗೆ ಅಳು ಬರಲಿಲ್ಲ. ಕಿವಿ ಬಿಸಿಯಾದವು.

ಅಳಿಯನ ಅಕ್ಕ ನೀರಿನ ತಂಬಿಗೆ ಹಿಡಿದು ಓಡಿ ಬಂದಳು. ಕೆಟ್ಟ ಹೆಂಗಸಲ್ಲ ಅವಳು. ಅದೇ ಇನ್ನೂ ಸಿಟ್ಟು ತರಿಸುವುದು.

"ಬರ್ರಿ ಅತ್ತಿ, ಬರ್ರಿ! ನೋಡ್ರಿ ನಿಮ್ಮ ಮೊಮ್ಮಗಳ್ನ. ಒಂದ ಕಿರಿಕಿರಿ ಇಲ್ಲ. ಮುಂಜಾನಿ ಇಲ್ಲಿ ಕುಂದ್ರಿಸಿದ್ರ ಸಂಜಿತನಾ ಕುಂತಿರತಾಳ. ನಮ್ಮ ಆಳುಗಳಿಗೂ ಇಷ್ಟ ನೀಟ ಆರಿಸಾಕ ಬರಾಂಗಿಲ್ಲ."

"ಯಾರರೆ ಇಕಿ ಕೂಡ ಮಾತಾಡತಾರೇನು?"

"ಮಾತಾಡಿದ್ರ ಇಕಿ ಎಲ್ಲಿ ಕೇಳತಾಳ್ರಿ? ಊಟಕ್ಕ ಮೊಬೈಲ್ ಹಚ್ಚಿ ಕೊಟ್ಟರ ಆತು."

ಕೂಸಿನ ಅಂಗಿ ದ್ರಾಕ್ಷಿಯ ಅಂಟಿನಿಂದ ಕಡ್ಡಿಯಾಗಿತ್ತು. ಬದಲಿಸೋಣವೆಂದು ಎತ್ತಿದೆ. ಹೊಕ್ಕಳ ಸುತ್ತ ಕಪ್ಪಗೆ, ಹಕ್ಕಳೆಗಟ್ಟಿದ ಸುಟ್ಟ ಗುರುತು.

"ಇದೇನು?"

"ಅದಾ? ಚುಟಿಕಿ ಹಾಕಿಸೇವ್ರಿ ಅತ್ತಿ," ಅಂದಳು, ಕಿವಿ ಚುಚ್ಚಿಸಿದ್ದೇವೆ ಅನ್ನುವಷ್ಟು ಸಹಜವಾಗಿ. ಬಳೆಯ ಚೂರು ಕೆಂಪಗೆ ಕಾಸಿ ಕೂಸಿನ ಹೊಟ್ಟೆಗೆ ಒತ್ತುವುದಕ್ಕೆ ನಮ್ಮಲ್ಲಿ ಹಾಗನ್ನುತ್ತಾರೆ. ನನಗೂ ಸಣ್ಣವಳಿದ್ದಾಗ ಹಾಕಿದ್ದಾರೆ. ಗುರುತು ಈಗಲೂ ಇದೆ. "ಮಾತು ಒಳಗ ಕಟ್ಟೇತಿ, ಬಿಡಲಿ ಅಂತ ನಮ್ಮವ್ವ ಫೋನ್ ಮಾಡಿ ಹೇಳಿದ್ಲು. ಆದ್ರ ಒಂದ ಮಾತ ಹೇಳತೀನಿ ಕೇಳ್ರಿ, ಒಂದ ಹನಿ ಕಣ್ಣೀರ ತಗೀಲಿಲ್ಲ ಕೂಸು! ಹಾಕಿದ ಮುದುಕಿನೂ ಬೆರಗಾದ್ಲು. ಅಳಲಾರದ ಕೂಸಿಗೆ ಲಗೂನ ಗುಣಾ ಹತ್ತತೈತಂತ."

ಅಳಲಿಲ್ಲವೆಂದು ಖುಷಿಪಟ್ಟರು. ಹತ್ತು ಮಂದಿ ಸುತ್ತ ನಿಂತು ಖುಷಿಪಟ್ಟಿದ್ದಾರೆ! ಈ ಕೂಸು ಅಳುವುದು ಕುಕ್ಕರಿನ ಸೀಟಿಗೆ. ಬಿದ್ದು ಮೊಣಕಾಲು ಕಿತ್ತು ರಕ್ತ ಬಂದರೂ ಸುಮ್ಮನೆ ಎದ್ದು ಹೋಗುತ್ತದೆ. ಇಂಥ ಕೆಲವು ಮಕ್ಕಳು ನೋವನ್ನು ನಮ್ಮ ಹಾಗೆ ತೋರಿಸುವುದಿಲ್ಲ, ತೋರಿಸದಿದ್ದರೆ ನೋವಿಲ್ಲ ಅಂತ ತಿಳಿಯಬೇಡಿ ಎಂದು ಡಾಕ್ಟರಮ್ಮ ಹೇಳಿದ್ದಳು. ಎಲ್ಲಿ ನೋಯುತ್ತದೆ ಎಂದು ಬೆರಳು ಮಾಡಿ ತೋರಿಸಲು ಬಾರದ ಕೂಸಿನ ಹೊಟ್ಟೆ ಸುಟ್ಟು, ಅದು ಬಾಯಿ ತೆಗೆಯದ್ದನ್ನು ಕಂಡು ಚಪ್ಪಾಳೆ ಹೊಡೆದಿದ್ದಾರೆ.

ನಾನು ಎದ್ದು ನಿಂತೆ. "ನಿನ್ನ ಸೀರಿ ಸರಿಸು," ಅಂದೆ.

"ಯಾಕ್ರಿ ಅತ್ತಿ?"

"ಅದ ಬಳಿಚೂರು ಕಾಸಿ ತಾ. ನಿನ್ನ ಹೊಟ್ಟಿಗೆ ಇಡತೀನಿ. ನೀ ಅಳಲಾರದ ತೋರಸು, ನಾನೂ ಹೊಗಳತೀನಿ."

ಅವಳ ಕೈಯಲ್ಲಿನ ತಂಬಿಗೆ ಬಾಗಿ ನೀರು ಕಾಲ ಮೇಲೆ ಚೆಲ್ಲಿತು. ಬಾಯಿ ತೆರೆದಳು, ಮಾತು ಬರಲಿಲ್ಲ. ಚುಟಿಕೆ ಅವಳಿಗೇ ಬೇಕಿತ್ತು ನೋಡಿ.

ಕೂಸನ್ನು ಎತ್ತಿಕೊಂಡೆ. ಸಾಲು ಬಿಟ್ಟು ಬರಲೊಲ್ಲೆನೆಂದು ಒದೆಯಿತು, ನನ್ನ ಕೂದಲು ಜಗ್ಗಿತು, ಕೊರಳು ಪರಚಿತು. ಒದೆಯಲಿ. ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಕೆನ್ನೆ ಹಚ್ಚಿ ಸುಮ್ಮನಾಯಿತು. ಕಂಡಕ್ಟರ್ ಬಂದ ಕೂಡಲೇ ತನ್ನ ಹಳೆಯ ಮಾತು ಶುರು ಮಾಡಿತು. "ಬಲ್ ಶ್ಯಾಣೇ ಐತಿ ನೋಡ್ರಿ, ನನ್ನ ಕೆಲಸಾನ ಕಸಗೋತೈತಿ," ಎಂದು ಕಂಡಕ್ಟರ್ ನಕ್ಕ. ನಾನು ನಗಲಿಲ್ಲ. "ಬಡಿ" ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದೆ.

ಮಗಳ ಮನೆಗೆ ಬಂದಾಗ ಐದು ದಾಟಿತ್ತು. ಬಾಗಿಲ ಮುಂದೆ ಚಪ್ಪಲಿಗಳ ಗುಂಪು. ಹಿತ್ತಲ ಬಾಗಿಲಿಂದ ಹೋಗಬಹುದಿತ್ತು. ಆ ಮನೆಯಲ್ಲಿ ಕೂಸನ್ನು ಓಣಿಯವರ ಕಣ್ಣಿಗೆ ಬೀಳಬಾರದೆಂದು ಯಾವಾಗಲೂ ಹಾಗೆಯೇ ಒಯ್ದು ತರುತ್ತಿದ್ದರು. ನಾನು ಹೊಸ ಪರದೆ ಸರಿಸಿ ಒಳಗೆ ಹೋಗಿ ಜಮಖಾನದ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತೆ.

ಕನಮಡಿಯವರು ಉಪ್ಪಿಟ್ಟು ತಿನ್ನುತ್ತಿದ್ದರು. ಅವರಲ್ಲಿ ಒಬ್ಬಳು ಹಿರಿಯಳು, ಹುಡುಗನ ದೊಡ್ಡವ್ವ, ಕೂಸಿನ ಗಲ್ಲ ಮುಟ್ಟಲು ಬಂದಳು. ಕೂಸು ಮುಖ ತಿರುಗಿಸಿ ಕೈ ಗಾಳಿಯಲ್ಲಿ ಬಡಿಯಿತು.

"ಯಾರ ಕೂಸಿದು?" ಎಂದು ಕೇಳಿದಳು ಆಕೆ.

"ಬಾಜೂ ಮನಿ ಕೂಸ್ರಿ," ಅಂದಳು ನನ್ನ ಬೀಗತಿ.

ನಾನು ಅಳಿಯನನ್ನು ನೋಡಿದೆ. ಅವನು ಫ್ಯಾನು ನೋಡಿದ. ಮಗಳು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾಯ್ದೆ. ಕೂಸಿಗೆ ಕಾಯ್ದ ಹಾಗೆಯೇ ಕಾಯ್ದೆ. ಅವಳು ನನ್ನ ಮುಖ ನೋಡಲಿಲ್ಲ. ಆಟಿಸಂ ಅವಳಿಗಿಲ್ಲ. ಅವಳಿಗೆ ಬೇರೆ ಏನೋ ಇತ್ತು.

"ಸುಳ್ಳವಾ ಅದು," ಅಂದೆ. "ಇಕಿ ನನ್ನ ಮಗಳ ಮಗಳು. ಈ ಮನಿ ಮೊಮ್ಮಗಳು. ಅಲ್ಲಿ ಫ್ಯಾನ್ ನೋಡಾಕತ್ತಾನಲಾ, ಅವನ ಮಗಳು. ಇಕಿಗೆ ಆಟಿಸಂ ಐತಿ. ಮಾತು ತಡಾ, ಮಂದಿ ಮಾರಿ ನೋಡಾಂಗಿಲ್ಲ. ಕಲಿಸಿದ್ರ ಕಲೀತಾಳ. ಕಲಿಯಾಕತ್ತಿದ್ಲು. ನೀವು ಬರತೀರಿ ಅಂತ ಬಿಡಿಸ್ಯಾರ."

ದೊಡ್ಡವ್ವ ಕೂಸನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. "ನಮ್ಮ ಓಣ್ಯಾಗೂ ಒಂದೈತಿ ಇಂಥಾದು," ಅಂದಳು. ಒಳ್ಳೆಯದಕ್ಕೆ ಅಂದಳೋ ಕೆಟ್ಟದ್ದಕ್ಕೆ ಅಂದಳೋ, ದನಿಯಲ್ಲಿ ತಿಳಿಯಲಿಲ್ಲ. ಫೋನ್ ಮಾಡುತ್ತೇವೆಂದು ಹೇಳಿ ಎದ್ದು ಹೋದರು. ಆ ಸಂಬಂಧ ಏನಾಯಿತೆಂದು ಇಲ್ಲಿ ಹೇಳುವುದಿಲ್ಲ. ಅದು ಆ ಹುಡುಗಿಯ ಬಾಳು, ನನ್ನ ಕಥೆಯಲ್ಲ.

ಚಪ್ಪಲಿಗಳ ಸಪ್ಪಳ ಓಣಿ ದಾಟಿದ್ದೇ ತಡ, ಬೀಗತಿ ನನ್ನ ಮೇಲೆ ಬಿದ್ದಳು.

"ನನ್ನ ಮಗಳ ಬಾಳೇವಕ್ಕ ಬೆಂಕಿ ಹಚ್ಚಿದೆಲ್ಲಾ! ತಣ್ಣಗಾತೇನು ನಿನ್ನ ಹೊಟ್ಟಿ?"

"ಬೆಂಕಿ ಹಚ್ಚಿದವರ ಮಾತಾ? ಇಲ್ಲಿ ನೋಡು." ಕೂಸಿನ ಅಂಗಿ ಎತ್ತಿದೆ. ಅಳಿಯ ಬಂದು ಬಗ್ಗಿ ನೋಡಿದ. ಅವನಿಗೆ ಗೊತ್ತಿರಲಿಲ್ಲ. ಮಗಳಿಗೂ ಗೊತ್ತಿರಲಿಲ್ಲ, ಅವಳ ಕೈಯಿಂದ ತಟ್ಟೆ ಜಾರಿತು.

"ಅವ್ವಾ, ಇದ್ಯಾರು ಮಾಡಿಸಿದ್ದು?" ಅಂದ ಅಳಿಯ.

"ನಾನು. ನಿನಗೂ ಹಾಕ್ಸೇನಿ. ಎಲ್ಲಾರಿಗೂ ಹಾಕ್ಯಾರ ನಮ್ಮ ಕಾಲದಾಗ. ಯಾರ ಸತ್ತಾರ?"

ಅವನು ಎದ್ದು ಹೊರಗೆ ಹೋಗಿ ಗಾಡಿಯ ಮೇಲೆ ಕೂತ. ಚಾಲೂ ಮಾಡಲಿಲ್ಲ, ಒಳಗೂ ಬರಲಿಲ್ಲ. ನನ್ನನ್ನು ಊರಿಗೆ ಹೋಗೆಂದು ಬೀಗತಿ ಮೂರು ಸಲ ಅಂದಳು. ನಾನು ಕೂಸಿನ ಪಕ್ಕದಲ್ಲಿ ಚಾಪೆ ಹಾಸಿದೆ.

ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಒಲೆ ಹಚ್ಚಿ, ಹಿಟ್ಟು ನಾದಿ, ಬಡಿಯಲು ಕೂತೆ. ಕೂಸು ಬಂತು. ಕುಕ್ಕರಗಾಲಲ್ಲಿ ಕೂತು ಕೈ ಬಡಿಯತೊಡಗಿತು. ಅರ್ಧಕ್ಕೆ ನಿಲ್ಲಿಸಿದೆ. ನನ್ನ ಕೈ ಹಿಡಿದು ಹಿಟ್ಟಿಗೆ ಒತ್ತಿತು. ಕಾಯ್ದೆ. ಕುಂಯ್ ಅಂತು. ಕಾಯ್ದೆ. ಕಣ್ಣು ನನ್ನ ಮೊಣಕೈ ತನಕ ಬಂತು, ಅಲ್ಲಿಂದ ಮೇಲೆ ಏರಲಿಲ್ಲ. ಮೊಣಕೈ ತನಕ ಬಂದದ್ದಕ್ಕೇ ರೊಟ್ಟಿ ಬಡಿದೆ. ಮೊದಲಿನಿಂದ ಶುರು.

ಕೂಸಿನ ಮುಖ ತೊಳೆದೆ. ಒಣ ರೊಟ್ಟಿಯ ಅಂಚು ಮುರಿದು ಸೆರಗಿಗೆ ಕಟ್ಟಿಕೊಂಡೆ. ಹೊಟ್ಟೆಯ ಗುರುತನ್ನು ಮೊದಲು ಡಾಕ್ಟರಮ್ಮನಿಗೆ ತೋರಿಸುವುದು, ಆಮೇಲೆ ಟೀಚರಮ್ಮನ ಹತ್ತಿರ. ಹಿತ್ತಲ ಬಾಗಿಲಲ್ಲಿ ಮಗಳು ಕೂಸಿನ ನೀರಿನ ಬಾಟಲಿ ಹಿಡಿದು ನಿಂತಿದ್ದಳು, ಕಣ್ಣು ಊದಿದ್ದವು.

"ಈ ಕಡೆಯಿಂದ ಹೋಗೂಣೇನ ಯವ್ವಾ?" ಅಂದಳು.

"ಇಲ್ಲ. ಮುಂದಿನ ಬಾಗಿಲಾಗ ಹೋಗಿ ಚಪ್ಪಲಿ ಹಾಕ್ಕೋ."

ಓಣಿಗೆ ನಳದ ನೀರು ಬಂದಿತ್ತು. ಹೆಂಗಸರೆಲ್ಲ ಕೊಡ ಹಿಡಿದು ಸಾಲಾಗಿ ನಿಂತಿದ್ದರು. ನಾನು ಹೊಸ ಪರದೆಯನ್ನು ಕಂಬಿಗೆ ಸುತ್ತಿ ಮೇಲೆ ಸಿಕ್ಕಿಸಿ, ಕೂಸಿನ ಕೈ ಹಿಡಿದು ಅವರ ನಟ್ಟನಡುವೆ ಇಳಿದೆ.

"ಯಾರ್ರಿ ಅಜ್ಜಿ ಈ ಕೂಸು? ಕಂಡೇ ಇಲ್ಲಲಾ," ಅಂದಳು ಬಾಜೂ ಮನೆಯವಳು.

ಬೀಗತಿಗೂ ಕೇಳಲೆಂದು ದನಿ ಎತ್ತಿ ಹೇಳಿದೆ. ಮುಂದಿನವಳು ಕೇಳಿದಾಗ ಮತ್ತೆ ಹೇಳಿದೆ. ಓಣಿಯ ತಿರುವು ಬರುವ ತನಕ, ಕೇಳಿದವರಿಗೂ ಕೇಳದವರಿಗೂ ನಿಂತು ನಿಂತು ಹೇಳಿದೆ:

"ಈ ಮನಿ ಮೊಮ್ಮಗಳು. ಆಟಿಸಂ ಐತಿ ಇಕಿಗೆ. ಕಲಿಸಾಕ ಒಯ್ಯಾಕತ್ತೇನಿ. ದಿನಾ ಇದ ದಾರಿಲೆ ಒಯ್ಯತೀನಿ, ನೋಡ್ಕೊರಿ."